ಕೆರೆಯ ದಂಡೆಯಲ್ಲಿ ಕೈ ಚಾಚಿ ನಿಂತವಳು

ತೊಂಬತ್ತಾರನೇ ಇಸವಿ, ಸೆಪ್ಟೆಂಬರ್ ತಿಂಗಳು, ಚೌತಿ ಕಳೆದ ಮೇಲಿನ ಭಾನುವಾರ, ಸಂಜೆ ಐದೂವರೆ. ಸ್ಥಳ, ಜರಗನಹಳ್ಳಿಯ ಕೆಳಗಿನ ಕೆರೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಶಾರದೆ, ನಮ್ಮ ಮನೆ ಮಾಲೀಕ ಮುನಿರಾಜು, ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಬಸವರಾಜ, ನಮ್ಮ ಬೀದಿಯ ಹೆಂಗಸರು ಗಂಡಸರು, ಮತ್ತು ಹಲಗೆಯ ಮೇಲೆ ಕೂತ ಬೀದಿಯ ಗಣಪತಿ. ಮುನಿರಾಜುವಿನ ತಾಯಿ ಗಂಗಮ್ಮನವರು ಬಂದಿರಲಿಲ್ಲ. ಆ ಕೆರೆಯ ನೀರನ್ನು ನೋಡುವುದನ್ನು ಅವರು ಬಿಟ್ಟು ವರ್ಷಗಳಾಗಿದ್ದವು.

ಹೋದ ವಾರ ಬೆಳಗಿನ ನಡಿಗೆಗೆ ಆ ಕಡೆ ಹೋಗಿದ್ದೆ. ಈಗ ಕೆರೆಗೆ ಬೇಲಿ ಬಂದಿದೆ, ಸುತ್ತ ನಡೆಯುವವರಿಗೆ ಕಲ್ಲು ಹಾಸಿದ ದಾರಿ ಇದೆ, ಗಣಪತಿ ಬಿಡಲು ಬೇರೆಯದೇ ಸಿಮೆಂಟಿನ ತೊಟ್ಟಿ ಇದೆ. ಒಂದು ಮೂಲೆಯಲ್ಲಿ ಹೂಳು ತೆಗೆದು ರಾಶಿ ಹಾಕಿದ್ದರು. ಹಳೆಯ ಜೇಡಿಮಣ್ಣು, ಅದರೊಳಗೆ ಕೊಳೆತ ಹುಲ್ಲು. ಆ ವಾಸನೆ ಮೂಗಿಗೆ ಬಿತ್ತು. ಎಪ್ಪತ್ತು ದಾಟಿದವನು, ದಿನವೂ ಒಂದೇ ಹೊತ್ತಿಗೆ ಎದ್ದು ಒಂದೇ ದಾರಿ ನಡೆಯುವವನು, ನಡೆಯುವುದನ್ನು ನಿಲ್ಲಿಸಿ ಬೆಂಚಿನ ಮೇಲೆ ಕೂತೆ.

ನನ್ನ ಉದ್ಯೋಗದ ಬಗ್ಗೆ ಮೊದಲು ಹೇಳಬೇಕು. ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕ ದೋಣಿ, ಹಡಗುಗಳನ್ನು ಹುಡುಕಿ ಕರೆತರುವ ಕೇಂದ್ರವೊಂದರ ರೇಡಿಯೋ ಕೋಣೆಯಲ್ಲಿ ನಾನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದೆ. ನಾನು ನೀರಿಗೆ ಇಳಿದವನಲ್ಲ. ಕಿವಿಗೆ ಹೆಡ್‌ಫೋನ್, ಮುಂದೆ ನಕ್ಷೆ, ಕೈಯಲ್ಲಿ ಪೆನ್ಸಿಲ್. ನೀರಿನಿಂದ ದನಿ ಬರುತ್ತಿತ್ತು, ನಾನು ಉತ್ತರ ಕೊಡುತ್ತಿದ್ದೆ. ಕೆಲವು ದನಿಗಳು ಮಾತಿನ ನಡುವೆಯೇ ನಿಂತುಹೋಗುತ್ತಿದ್ದವು. ನಿಂತ ಮೇಲೂ ಪಾಳಿ ಮುಗಿಯುವವರೆಗೆ ಅದೇ ಕೆಲಸ, ಅದೇ ಶಿಸ್ತು.

ತೊಂಬತ್ತಾರರ ಜೂನ್‌ನಲ್ಲಿ ನಿವೃತ್ತನಾಗಿ ಜೆ.ಪಿ. ನಗರದ ಅಂಚಿಗೆ, ಮುನಿರಾಜುವಿನ ಮನೆಯ ಮಹಡಿಗೆ ಬಾಡಿಗೆಗೆ ಬಂದೆವು. ಮುನಿರಾಜು ಜರಗನಹಳ್ಳಿಯ ಹಳೆಯ ಮನೆತನದವನು. ಜಮೀನು ಸೈಟುಗಳಾಗಿ ಹೋಗಿ, ಉಳಿದ ಜಾಗದಲ್ಲಿ ಎರಡು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ವಯಸ್ಸು ಮೂವತ್ತರ ಆಸುಪಾಸು, ಮದುವೆಯಾಗಿರಲಿಲ್ಲ, ಮೀನಿನಂತೆ ಈಜುತ್ತಿದ್ದ. ಸಮುದ್ರದಿಂದ ಇಷ್ಟು ದೂರ ಬಂದಿದ್ದೇನೆ, ಇನ್ನು ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಆದರೆ ಆ ಮಳೆಗಾಲ ಬಿಡಲಿಲ್ಲ. ಜುಲೈ ಪೂರ್ತಿ ಜಿಟಿಜಿಟಿ, ಆಗಸ್ಟ್‌ನಲ್ಲಿ ದಬದಬ. ಮೋರಿಗಳು ತುಂಬಿ ಬೀದಿಗೆ ಬಂದವು. ಮಹಡಿಯ ಕಿಟಕಿಯಿಂದ ನೋಡಿದರೆ ಕೆರೆ ದಿನದಿನಕ್ಕೂ ಅಗಲವಾಗುತ್ತಿತ್ತು. ಅಲೆಯಿಲ್ಲ, ಸದ್ದಿಲ್ಲ, ಕಂದು ಬಣ್ಣದ ನೀರು. ಅಲೆಯುಳ್ಳ ನೀರು ತನ್ನ ಸ್ವಭಾವವನ್ನು ಮೊದಲೇ ತೋರಿಸುತ್ತದೆ. ಇದು ಏನನ್ನೂ ತೋರಿಸುತ್ತಿರಲಿಲ್ಲ. ನನಗೆ ಭಯ ಶುರುವಾದದ್ದು ಆಗಲೇ.

ಗಂಗಮ್ಮ ಒಂದು ದಿನ ಮೆಟ್ಟಿಲ ಮೇಲೆ ಅಲಸಂದೆಕಾಯಿ ಬಿಡಿಸುತ್ತಾ ಆ ಭಯವನ್ನು ಇನ್ನಷ್ಟು ಹೆಚ್ಚಿಸಿದರು.

"ಆ ಕೆರೆ ಮಟ್ಟಸವಾಗಿಲ್ಲ ಸಾರ್. ಇಟ್ಟಿಗೆ ಗೂಡಿನೋರು ಜೇಡಿ ತೆಗ್ದು ತೆಗ್ದು ಗುಂಡಿ ಮಾಡವ್ರೆ. ಎದೆಮಟ್ಟ ನೀರು ಅಂತ ಹೋಗ್ತಿರ್ತೀರ, ಇನ್ನೊಂದು ಹೆಜ್ಜೆ ಇಟ್ರೆ ಆಳುದ್ದ."

"ಯಾರೂ ಬೇಡ ಅನ್ಲಿಲ್ವಾ?"

"ಯಾರು ಅಂತಾರೆ? ತೋಡ್ಕೊಳ್ಳಿ ಅಂದಿದ್ದೇ ನಮ್ಮನೆಯೋರು. ಅದ್ಕೇ ನಾನು ಆ ನೀರ್ ಕಡೆ ನೋಡಲ್ಲ," ಎಂದು ಅವರು ಮುಖ ತಗ್ಗಿಸಿ ಕಾಯಿ ಬಿಡಿಸತೊಡಗಿದರು.

ಸಂಜೆ ಮಳೆ ಬಿಟ್ಟಾಗ ಮುನಿರಾಜು, ಬಸವರಾಜ ಇಬ್ಬರೂ ಮಹಡಿಗೆ ಬರುತ್ತಿದ್ದರು. ಬಸವರಾಜ ಬಿಜಾಪುರದ ಕಡೆಯವನು, ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನನ್ನ ಹಳೆಯ ಕೆಲಸದ ಮಾತುಗಳೆಂದರೆ ಇಬ್ಬರಿಗೂ ಮೋಜು. ಡೇಟಮ್ ಎಂದರೆ ಮನುಷ್ಯ ಕೊನೆಯದಾಗಿ ಕಂಡ ಜಾಗ, ಹುಡುಕಾಟವೆಲ್ಲ ಅಲ್ಲಿಂದಲೇ ಶುರು ಎಂದು ಹೇಳಿದ್ದೆ. ಲೀವೇ ಎಂದರೆ ತೇಲುವ ವಸ್ತುವನ್ನು ಗಾಳಿ ಪಕ್ಕಕ್ಕೆ ತಳ್ಳಿಕೊಂಡು ಹೋಗುವುದು. ಸುದ್ದಿ ಬಂದಾಗ ಮೂರು ಹಂತ: ಏನೋ ಸರಿಯಿಲ್ಲ ಎಂಬ ಅನುಮಾನದ ಹಂತ, ತಯಾರಾಗುವ ಎಚ್ಚರದ ಹಂತ, ಜೀವ ಹೋಗುತ್ತಿದೆ ಎಂದು ಖಚಿತವಾದ ಅಪಾಯದ ಹಂತ. ಎಲ್ಲಕ್ಕಿಂತ ಅವರಿಗೆ ಹಿಡಿಸಿದ್ದು ಹಡಗಿನಿಂದ ಮನುಷ್ಯ ಬಿದ್ದಾಗಿನ ಕ್ರಮ. ಬಿದ್ದದ್ದನ್ನು ಕಂಡವನು ಬೇರೆ ಯಾವ ಕೆಲಸವನ್ನೂ ಮಾಡಬಾರದು. ಕೈ ಚಾಚಿ ಅವನನ್ನೇ ತೋರಿಸುತ್ತಾ ನಿಂತಿರಬೇಕು. ಹಡಗು ತಿರುಗಲಿ, ಮಳೆ ಹೊಡೆಯಲಿ, ಕಣ್ಣು ಕೀಳಬಾರದು, ಕೈ ಇಳಿಸಬಾರದು. ನೀರಿಗೆ ಗುರುತು ಇರುವುದಿಲ್ಲ, ಆ ಕೈಯೇ ಗುರುತು.

"ಒಳ್ಳೇ ಕೆಲ್ಸ ಸಾರ್ ಇದು," ಎಂದು ಮುನಿರಾಜು ನಗುತ್ತಿದ್ದ. "ಬರೀ ಕೈ ತೋರ್ಸಿದ್ರೆ ಸಂಬಳ. ನಮ್ ಕಾರ್ಪೊರೇಟರ್‌ಗೆ ಹೇಳಿ ಮಾಡ್ಸಿದ್ ಕೆಲ್ಸ."

ಚೌತಿ ಹತ್ತಿರ ಬಂದಾಗ ಗಣಪತಿ ಬಿಡುವ ಜವಾಬ್ದಾರಿಯನ್ನು ಬೀದಿಯವರು ನನ್ನ ತಲೆಗೆ ಕಟ್ಟಿದರು. ನಾನು ಬೇಡವೆಂದೆ. ಆಮೇಲೆ, ನಾನು ಬೇಡವೆಂದರೂ ಇವರು ನೀರಿಗೆ ಇಳಿಯುವುದು ಖಚಿತ ಎಂದು ಒಪ್ಪಿದೆ. ಉದ್ದದ ಹಗ್ಗ ತರಿಸಿದೆ. ಲಾರಿಯ ಹಳೆಯ ಟ್ಯೂಬುಗಳಿಗೆ ಗಾಳಿ ತುಂಬಿಸಿದೆ. ನೀರಿಗೆ ನಾಲ್ವರೇ, ಉಳಿದವರು ದಂಡೆಯಲ್ಲಿ ಎಂದು ಗೆರೆ ಹಾಕಿದೆ. ಕೈ ಚಾಚಿ ನಿಲ್ಲುವ ಕೆಲಸಕ್ಕೆ ಶಾರದೆಯನ್ನು ಆರಿಸಿದೆ. ನಮ್ಮ ಬೀದಿಯಲ್ಲಿ ಅವಳಷ್ಟು ಹೊತ್ತು ಒಂದೇ ಕಡೆ ನೋಡಬಲ್ಲವರು ಇರಲಿಲ್ಲ. ಅವಳು ಹಾಲು ಕಾಯಿಸಲು ಇಟ್ಟರೆ ಉಕ್ಕಿದ್ದನ್ನು ನಾನು ಕಂಡಿಲ್ಲ.

"ಬರೀ ಕೈ ಚಾಚಿದ್ರೆ ಸಾಲ್ದು," ಎಂದು ಅವಳಿಗೆ ಹೇಳಿದೆ. "ಬೆರಳಿನ ನೇರಕ್ಕೆ ಆಚೆ ದಡದಲ್ಲಿ ಏನಿದೆ ನೋಡ್ಕೋ."

"ಆಯ್ತು ರೀ. ನಾಲ್ಕನೇ ಸಲ ಹೇಳ್ತಿದೀರ."

"ಸಾರ್," ಎಂದು ಮುನಿರಾಜು ಕೈ ಮುಗಿದ. "ನಾವು ಗಣಪತಿ ಬಿಡೋಕ್ ಹೋಗ್ತಿದೀವಾ, ಪಾಕಿಸ್ತಾನದ್ ಮೇಲೆ ಯುದ್ಧಕ್ಕಾ?"

ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ. ಭಾನುವಾರ ಸಂಜೆ ಕೆರೆಗೆ ಬಂದೆವು. ಹಿಂದಿನ ದಿನಗಳಲ್ಲಿ ಬೇರೆ ಬೇರೆ ಬಡಾವಣೆಗಳವರು ಅದೇ ಜಾಗದಲ್ಲಿ ಬಿಟ್ಟ ಗಣಪತಿಗಳ ಮಣ್ಣು ಕರಗಿ, ಒಳಗಿನ ಬಿದಿರಿನ ಹಂದರ, ಹುಲ್ಲು, ಸೆಣಬಿನ ಹುರಿ ಎಲ್ಲ ತಳದಲ್ಲಿ ಬಿದ್ದಿದ್ದವು. ದಡದ ಹತ್ತಿರ ಕೆಲವು ಬಿದಿರಿನ ತುದಿಗಳು ನೀರಿನಿಂದ ಮೇಲೆ ಕಾಣುತ್ತಿದ್ದವು. ಕಾಣದವು ಎಷ್ಟಿರಬಹುದು ಎಂದು ಯೋಚಿಸುತ್ತಾ ನಾನು ಸೊಂಟಮಟ್ಟದ ನೀರಿನಲ್ಲಿ ಹಗ್ಗದ ತುದಿ ಹಿಡಿದು ನಿಂತೆ.

ಕೆಲಸ ಕ್ರಮವಾಗಿಯೇ ನಡೆಯಿತು. ಮುನಿರಾಜು ಸೇರಿ ನಾಲ್ವರು ಹಲಗೆ ಹೊತ್ತು ಇಳಿದರು. ಎದೆಮಟ್ಟಕ್ಕೆ ಹೋಗಿ ಒಂದು ಸಲ, ಎರಡು ಸಲ, ಮೂರು ಸಲ ಮುಳುಗಿಸಿ ಗಣಪತಿಯನ್ನು ಬಿಟ್ಟರು. ಜೈಕಾರ ಆಯಿತು. ನಾಲ್ವರೂ ತಲೆ ಎತ್ತಿದರು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಮುನಿರಾಜು ಮತ್ತೆ ಮುಳುಗಿದ. ಬರಿಯ ಹಲಗೆಯನ್ನು ಮನೆಗೆ ಒಯ್ಯಬಾರದು, ತಳದಿಂದ ಒಂದು ಹಿಡಿ ಮಣ್ಣು ತೆಗೆದು ಅದರ ಮೇಲಿಟ್ಟು ತರಬೇಕು ಎಂಬುದು ಅವರ ಮನೆಯ ಪದ್ಧತಿ. ನನಗೂ ಅದು ಗೊತ್ತಿತ್ತು. ದಂಡೆಯಂಚಿನ ಮಣ್ಣು ಸಾಕೆಂದು ಎಲ್ಲರೂ ಒಪ್ಪಿದ್ದರು. ಅವನು ಒಳಗಿನದನ್ನೇ ತೆಗೆಯಲು ಹೋದ.

ಅವನು ಏಳಲಿಲ್ಲ.

ಉಳಿದ ಮೂವರು ನಗುತ್ತಿದ್ದರು. "ಎಷ್ಟೊತ್ತೋ ಮಗಾ, ಕೆರೆ ಎಲ್ಲಾ ಬಾಚ್ಕೊಂಡ್ ಬರ್ತಾನೆ ಇವ್ನು," ಎಂದು ಒಬ್ಬ ಕೂಗಿದ. ಅನುಮಾನದ ಹಂತ. ಅವನು ಮುಳುಗಿದ ಕಡೆ ಗುಳ್ಳೆಗಳು ಎದ್ದು, ಆಮೇಲೆ ನಿಂತುಹೋದವು. ಎಚ್ಚರದ ಹಂತ. ರೇಡಿಯೋ ಕೋಣೆಯಲ್ಲಿ ಒಂದು ಹಂತದಿಂದ ಇನ್ನೊಂದಕ್ಕೆ ಹೋಗಲು ಗಂಟೆಗಳು ಹಿಡಿಯುತ್ತಿದ್ದವು. ಇಲ್ಲಿ ಒಂದು ಜೈಕಾರ ಮುಗಿದು ಇನ್ನೊಂದು ಶುರುವಾಗುವಷ್ಟೂ ಹೊತ್ತು ಸಿಗಲಿಲ್ಲ.

"ಶಾರದಾ!" ಎಂದು ಕೂಗಿ ಹಿಂದೆ ನೋಡಿದೆ. ಅವಳು ಆಗಲೇ ಕೈ ಚಾಚಿದ್ದಳು. ಬರಿಗಾಲನ್ನು ಕೆಸರಿನಲ್ಲಿ ಊರಿ, ರೆಪ್ಪೆ ಬಡಿಯದೆ ನಿಂತಿದ್ದಳು. ಟ್ಯೂಬು, ಹಗ್ಗದ ಇನ್ನೊಂದು ತುದಿ ತರಲು ದಂಡೆಯವರಿಗೆ ಕೂಗಿ ಹೇಳಿದೆ. ಆ ಕೈ ಇರುವವರೆಗೆ ಡೇಟಮ್ ಇದೆ, ಡೇಟಮ್ ಇರುವವರೆಗೆ ಮನುಷ್ಯ ಇದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಗಲೇ ಕೆರೆ ಏರಿಯ ಮೇಲೆ ಇನ್ನೊಂದು ಬೀದಿಯ ಮೆರವಣಿಗೆ ಬಂತು. ತಮಟೆ, ಪಟಾಕಿ, ನಮ್ಮದಕ್ಕಿಂತ ದೊಡ್ಡ ಗಣಪತಿ. ನಮ್ಮಲ್ಲಿ ಏನಾಗಿದೆ ಎಂಬುದು ಅವರಿಗೆ ತಿಳಿಯದು. ಅವರ ಪೂಜಾರಿ ಶಾರದೆಯ ಬೆನ್ನ ಹಿಂದೆಯೇ ನಿಂತು ಗಂಟೆ ಬಾರಿಸಿ ಮಂಗಳಾರತಿ ಎತ್ತಿದ. ನಮ್ಮ ಬೀದಿಯವರು ನಿಂತಲ್ಲೇ ತಿರುಗಿ ಕೈ ಮುಗಿದರು. ನೀರಿನಲ್ಲಿದ್ದ ಮೂವರೂ ಕೈ ಮುಗಿದರು. ಶಾರದೆಯ ಚಾಚಿದ ಕೈ ಕೆಳಗಿಳಿಯಿತು, ಇನ್ನೊಂದು ಕೈ ಅದನ್ನು ಸೇರಿತು, ಅವಳು ಗಂಟೆಯ ಕಡೆ ಹೊರಳಿ ಕಣ್ಣು ಮುಚ್ಚಿದಳು.

ಅವಳನ್ನು ಬೈಯಲು ನನಗೆ ಅಂದೂ ಮನಸ್ಸಾಗಲಿಲ್ಲ, ಇಂದೂ ಇಲ್ಲ. ಮೂರು ವರ್ಷದ ಕೂಸಾಗಿದ್ದಾಗ ಅವಳ ತಾಯಿ ಅವಳ ಎರಡು ಕೈ ಹಿಡಿದು ಜೋಡಿಸಿ ಕಲಿಸಿದ್ದು ಅದು. ನಾನು ಕಲಿಸಿದ್ದು ಹಬ್ಬದ ಹೊತ್ತಿಗೆ, ಒಂದು ವಾರದ ಹಿಂದೆ. ಗಂಟೆಯ ಸದ್ದು ಕೇಳಿದಾಗ ಅವಳ ಕೈ ಅವಳನ್ನು ಕೇಳಲಿಲ್ಲ.

ಅವಳು ಕಣ್ಣು ತೆರೆದದ್ದನ್ನು ಕಂಡೆ. ತನ್ನ ಜೋಡಿಸಿದ ಕೈಗಳನ್ನು ನೋಡಿಕೊಂಡದ್ದನ್ನು ಕಂಡೆ. ಅವಳ ಬಾಯಿಯಿಂದ ಬಂದ ಸದ್ದು ಮಾತಾಗಿರಲಿಲ್ಲ.

"ಅಗೋ, ಅಲ್ಲಿ!" ಎಂದು ಯಾರೋ ಕೂಗಿದರು. ಖಾಲಿ ಹಲಗೆ ದೂರದಲ್ಲಿ ತೇಲುತ್ತಿತ್ತು, ಪಕ್ಕದಲ್ಲಿ ಸೇವಂತಿಗೆ ಹಾರ. ಮೂವರೂ ಆ ಕಡೆಗೆ ನೀರು ಸೀಳಿಕೊಂಡು ಹೊರಟರು. ದಂಡೆಯವರೂ ಗೆರೆ ದಾಟಿ ಅತ್ತಲೇ ನುಗ್ಗಿದರು.

"ನಿಲ್ಲಿ! ಹಲಗೆಯನ್ನ ಗಾಳಿ ತಳ್ಳಿದೆ! ಮುಳುಗಿದವನನ್ನ ಗಾಳಿ ತಳ್ಳಲ್ಲ! ಅವನು ಮುಳುಗಿದಲ್ಲೇ ಇದಾನೆ!" ರೇಡಿಯೋದಲ್ಲಿ ದನಿ ಏರಿಸಬಾರದೆಂಬ ನಿಯಮವನ್ನು ಜೀವಮಾನವಿಡೀ ಪಾಲಿಸಿದ್ದೆ. ಅಂದು ನನ್ನ ಗಂಟಲು ಹರಿದುಹೋಯಿತು. ಅವರು ನಿಂತರು. ಆದರೆ ಮುಳುಗಿದ್ದು ಎಲ್ಲಿ? ನೀರು ಎಲ್ಲ ಕಡೆಯೂ ಒಂದೇ ಸಮನೆ ಕಂದು. ಗುಳ್ಳೆಗಳೂ ಇಲ್ಲ.

"ಶಾರದಾ, ಕಾಲು ಕಿತ್ತೆಯಾ?"

"ಇಲ್ಲ ರೀ. ಸೊಂಟದಿಂದ ಮೇಲೆ ಮಾತ್ರ ತಿರುಗಿದೆ. ಕಾಲು ಇಲ್ಲೇ ಇದೆ."

"ಬೆರಳ ನೇರಕ್ಕೆ ಏನಿತ್ತು?"

"ಆಚೆ ದಡದಲ್ಲಿ ಕಟ್ಟುತ್ತಿರೋ ಬಿಲ್ಡಿಂಗು. ಬಿದಿರು ಸಾರವೆ ಕಟ್ಟಿರೋ ಕಿಟಕಿ." ಅವಳು ಕೈ ಎತ್ತಿದಳು. ಬೆರಳನ್ನು ಅತ್ತ ಇತ್ತ ಸರಿಸಿದಳು. "ಅಯ್ಯೋ, ಎರಡು ಕಿಟಕಿಗೂ ಸಾರವೆ ಇದೆಯಲ್ರೀ. ಯಾವುದು ಅಂತ ಗೊತ್ತಾಗ್ತಿಲ್ಲ. ನಾನು ಕೊಂದೆ, ನಾನೇ ಕೊಂದೆ ಅವನನ್ನ!"

ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ನಕ್ಷೆಯ ಹಾಳೆ ಬಂತು. ಒಂದು ಚುಕ್ಕಿಯಿಂದ ದೂರದ ಎರಡು ಚುಕ್ಕಿಗಳಿಗೆ ಗೆರೆ ಎಳೆದರೆ ಆ ಗೆರೆಗಳು ದೂರದಲ್ಲಿ ಮಾತ್ರ ಅಗಲ. ಮೊದಲ ಚುಕ್ಕಿಯ ಹತ್ತಿರ ಎರಡೂ ಒಂದೇ. ಆಚೆ ದಡದಲ್ಲಿ ಕಿಟಕಿಗಳು ಬೇರೆ ಬೇರೆ ಇರಬಹುದು. ಅವಳ ಪಾದದಿಂದ ಇಷ್ಟು ಹತ್ತಿರದಲ್ಲಿ ಆ ಎರಡರ ನಡುವೆ ಒಂದು ಗೇಣು ಜಾಗವೂ ಇಲ್ಲ.

"ಯಾವ ಕಿಟಕಿಯಾದ್ರೂ ಸರಿ! ಒಂದನ್ನ ತೋರಿಸು! ಅಷ್ಟೇ ಸಾಕು!"

ಅವಳು ತೋರಿಸಿದಳು. ದಿಕ್ಕು ಸಿಕ್ಕಿತು. ದೂರ ಎಷ್ಟು ಎಂಬುದು ಸಿಕ್ಕಿರಲಿಲ್ಲ, ಅದಕ್ಕೆ ಕಾಲುಗಳೇ ಬೇಕಿತ್ತು. ಬಸವರಾಜ ಆಗಲೇ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನನ್ನ ಪಕ್ಕಕ್ಕೆ ಬಂದಿದ್ದ.

"ನಿನಗೆ ಈಜು ಬರುತ್ತಾ?"

"ಬರಂಗಿಲ್ರಿ ಸರ. ಆದ್ರ ಉದ್ದ ಅದೀನಿ. ಹಗ್ಗ ನೀವ್ ಹಿಡಕೋರಿ, ಬಿಡಬ್ಯಾಡ್ರಿ ಅಷ್ಟ."

ನೀರಿನಲ್ಲಿದ್ದ ಮೂವರನ್ನು ಅವನ ಹಿಂದೆ ಕೈ ಕೈ ಹಿಡಿಸಿ ಸಾಲಾಗಿ ನಿಲ್ಲಿಸಿದೆ. ಶಾರದೆಯ ಕೈಯ ಗೆರೆಯ ಮೇಲೆ, ಹೆಜ್ಜೆ ಎತ್ತದೆ, ಪಾದವನ್ನು ತಳಕ್ಕೆ ಉಜ್ಜುತ್ತಾ ಹೋಗಲು ಹೇಳಿದೆ. ಬಸವರಾಜನಿಗೆ ನೀರು ಎದೆಗೆ ಬಂತು, ಕುತ್ತಿಗೆಗೆ ಬಂತು. ಆಮೇಲೆ ಅವನು ತಟ್ಟನೆ ಕುಸಿದ. ಗುಂಡಿಯ ಅಂಚು. ನಾವು ಹಗ್ಗ ಎಳೆದೆವು. ಅವನು ಕೆಮ್ಮುತ್ತಾ ಮೇಲೆ ಬಂದ. ಅವನ ಕಣ್ಣುಗಳು ಅಷ್ಟು ದೊಡ್ಡವಾಗಿದ್ದನ್ನು ನಾನು ಮತ್ತೆಂದೂ ನೋಡಿಲ್ಲ.

"ಸರ, ಕಾಲಿಗೆ ಏನೋ ಹತ್ತೇತ್ರಿ!"

"ಹುಲ್ಲಾ?"

"ಹುಲ್ಲೂ ಐತ್ರಿ. ಅದರಾಗ..." ಅವನು ಕಾಲಿನಿಂದ ತಡಕಿದ. "ಬಟ್ಟಿ ಐತ್ರಿ ಸರ. ಅಂಗಿ."

ಈಜು ಬಲ್ಲವರು ಅವನ ಹಗ್ಗವನ್ನೇ ಹಿಡಿದು ಮುಳುಗಿದರು. ಮೊದಲ ಸಲ ಬರಿಗೈಯಲ್ಲಿ ಎದ್ದರು. ಹುರಿ ಅವನ ಕಾಲಿಗೆ ಸುತ್ತಿದೆ ಎಂದು ಕೂಗಿದರು. ಮತ್ತೆ ಮುಳುಗಿದರು. ಎರಡನೆಯ ಸಲ ಎದ್ದಾಗ ಅವರ ನಡುವೆ ಮುನಿರಾಜುವಿನ ತಲೆ ಇತ್ತು, ಪಕ್ಕಕ್ಕೆ ಬಾಗಿತ್ತು, ತುಟಿ ನೀಲಿಯಾಗಿತ್ತು.

ದಂಡೆಯ ಮೇಲೆ ಮಲಗಿಸಿದಾಗ ಯಾರೋ ಅವನ ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸಲು ಬಂದರು. ಅವರನ್ನು ತಳ್ಳಿ ನಾನು ಮಂಡಿಯೂರಿದೆ. ಬಾಯಿಯಿಂದ ಹುಲ್ಲು, ಕೆಸರು ತೆಗೆದೆ, ತಲೆ ಹಿಂದಕ್ಕೆ ಬಾಗಿಸಿದೆ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಊದಿದೆ. ಕೆರೆಯ ರುಚಿ. ಊದುವುದು, ಎದೆ ಒತ್ತುವುದು, ಮತ್ತೆ ಊದುವುದು. ನೂರಾರು ಸಲ ರೇಡಿಯೋದಲ್ಲಿ ಇತರರಿಗೆ ಹೇಳಿಕೊಟ್ಟಿದ್ದ ಕೆಲಸವನ್ನು ನನ್ನ ಕೈಯಿಂದ ಮಾಡಿದ್ದು ಅದೇ ಮೊದಲು. ಎದೆ ತಣ್ಣಗಿತ್ತು, ಹಲಗೆಯ ಹಾಗಿತ್ತು. ಏರಿಯ ಮೇಲೆ ತಮಟೆ ನಿಂತಿತ್ತು. ಇನ್ನು ಸಾಕು ಸಾರ್ ಎಂದು ಯಾರೋ ಅಳುತ್ತಾ ಹೇಳಿದರು. ಹುಡುಕಾಟ ನಿಲ್ಲಿಸುವ ಆಜ್ಞೆ ಕೊಡುವ ಅಧಿಕಾರ ಸೇವೆಯಲ್ಲಿ ನನಗೆ ಎಂದೂ ಇರಲಿಲ್ಲ. ಇಲ್ಲಿ ಇತ್ತು. ನಾನು ಕೊಡಲಿಲ್ಲ.

ಅವನ ಹೊಟ್ಟೆ ಎಳೆದುಕೊಂಡಿತು. ನೀರು ಬಂತು. ಆಮೇಲೆ ಗೊರ ಗೊರ ಎಂಬ ಉಸಿರು.

ಗಣಪತಿ ತಂದಿದ್ದ ಮ್ಯಾಟಡೋರ್ ವ್ಯಾನಿನಲ್ಲಿ ಅವನನ್ನು ಹತ್ತಿರದ ಆಸ್ಪತ್ರೆಗೆ ಕಳಿಸಿದೆವು. ಬಸವರಾಜ ಒದ್ದೆ ಮೈಯಲ್ಲೇ ಜೊತೆಗೆ ಹೋದ. ಉಳಿದವರನ್ನು ತಲೆ ಎಣಿಸಿ ಮನೆಗೆ ಕಳಿಸಿದೆ, ಹಗ್ಗ ಸುತ್ತಿಟ್ಟೆ. ಇನ್ನೊಂದು ಕೆಲಸ ಬಾಕಿಯಿತ್ತು. ಅದನ್ನು ನೆನೆದು ಕೆರೆಗೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿದೆ.

"ಗಂಗಮ್ಮನವರಿಗೆ ಹೇಳ್ಬೇಕು," ಎಂದೆ.

"ನಾನು ಹೇಳ್ತೀನಿ," ಎಂದಳು ಶಾರದೆ.

"ಮೊದಲನೇ ಮಾತೇ ಬದುಕಿದಾನೆ ಅನ್ನೋದಾಗಿರ್ಬೇಕು. ಹೆಸರಿಗೂ ಮೊದಲು. ಇಲ್ಲದಿದ್ರೆ ಹೆಸರು ಕೇಳಿದ ಮೇಲೆ ಅವರಿಗೆ ಬೇರೇನೂ ಕೇಳಿಸಲ್ಲ."

ಗಂಗಮ್ಮ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ನಮ್ಮಿಬ್ಬರನ್ನೇ ಕಂಡು, ನಮ್ಮ ಬಟ್ಟೆಯ ಕೆಸರನ್ನು ಕಂಡು, ತಟ್ಟೆಯನ್ನು ನಿಧಾನವಾಗಿ ನೆಲಕ್ಕೆ ಇಟ್ಟರು.

"ಉಸಿರಾಡ್ತಿದಾನೆ ಅಕ್ಕ," ಎಂದಳು ಶಾರದೆ. "ಬದುಕಿದಾನೆ. ಆಸ್ಪತ್ರೇಲಿದಾನೆ."

"ಯಾವ್ ಗುಂಡಿ?" ಎಂದಷ್ಟೇ ಕೇಳಿದರು ಗಂಗಮ್ಮ.

ಕನಕಪುರ ರಸ್ತೆಯಲ್ಲಿ ಆಟೋ ಹಿಡಿದು ಮೂವರೂ ಹೋದೆವು. ದಾರಿಯಲ್ಲಿ ಶಾರದೆ ತನ್ನ ಕೈ ಇಳಿದದ್ದನ್ನು ಹೇಳಿಬಿಟ್ಟಳು. ಗಂಗಮ್ಮ ಹೊರಗೆ ನೋಡುತ್ತಾ ಕೂತಿದ್ದರು. "ಗಂಟೆ ಹೊಡುದ್ರೆ ಯಾರ್ ತಾನೆ ಕೈ ಮುಗಿಯಲ್ಲ, ಬುಡವ್ವ," ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಉಸಿರು ಪರವಾಗಿಲ್ಲ, ಆದರೆ ಮೆದುಳಿಗೆ ಗಾಳಿ ಇಲ್ಲದೆ ಎಷ್ಟು ಹೊತ್ತಾಯಿತೋ ತಿಳಿಯದು, ಎಚ್ಚರವಾದಾಗ ತಾಯಿಯ ಗುರುತು ಹಿಡಿದರೆ ಗೆದ್ದಂತೆ ಎಂದರು. ಆ ಮಾತನ್ನು ನಾನು ಹೆಂಗಸರಿಗೆ ಹೇಳಲಿಲ್ಲ. ಗಂಗಮ್ಮನವರನ್ನು ಒಳಗೆ ಕರೆದುಕೊಂಡು ಹೋಗಿ ಮಂಚದ ಪಕ್ಕ ನಿಲ್ಲಿಸಿ, ನಾನು ಹಿಂದೆ ನಿಂತೆ. ಮೂಗಿಗೆ ಆಕ್ಸಿಜನ್ ಕೊಳವೆ, ಕಾಲಿನ ಸುತ್ತ ಹುರಿ ಕೊಯ್ದ ಕೆಂಪು ಗೆರೆ. ಗಂಗಮ್ಮ ಹೆಸರು ಹಿಡಿದು ಕರೆದರು. ಅವನು ಕಣ್ಣು ತೆರೆದ. ತೆರೆದ ಕಣ್ಣು ಛಾವಣಿಯನ್ನು ನೋಡಿತು, ದೀಪವನ್ನು ನೋಡಿತು, ತಾಯಿಯ ಮುಖವನ್ನು ದಾಟಿ ಆಚೆಗೂ ಹೋಯಿತು. ಆಮೇಲೆ ಕಣ್ಣು ಹಿಂದಕ್ಕೆ ಬಂತು.

"ಅಮ್ಮ," ಎಂದ, ಗಂಟಲು ಕೆರೆಯುವ ದನಿಯಲ್ಲಿ. "ಹಲಗೆ ತಂದ್ರಾ?"

"ನಿನ್ ಹಲಗೆಗೆ ಬೆಂಕಿ ಬೀಳ!" ಎಂದು ಗಂಗಮ್ಮ ಅವನ ಕೆನ್ನೆಗೆ ಹೊಡೆಯಲು ಎತ್ತಿದ ಕೈಯನ್ನು ಅವನ ಹಣೆಯ ಮೇಲಿಟ್ಟರು.

ನಮ್ಮ ಉದ್ಯೋಗದಲ್ಲಿ ನೀರಿನಿಂದ ಎತ್ತಿದರೆ ಕೆಲಸ ಮುಗಿಯುವುದಿಲ್ಲ. ಸುರಕ್ಷಿತ ಜಾಗಕ್ಕೆ ತಂದು, ಅವರ ಕಡೆಯವರಿಗೆ ಒಪ್ಪಿಸಿದ ಮೇಲೆಯೇ ಮುಗಿಯುವುದು. ಸೇವೆಯಲ್ಲಿದ್ದಾಗ ಅದನ್ನು ಯಾವುದೋ ಬಂದರಿನಲ್ಲಿ ಬೇರೆಯವರು ಮಾಡುತ್ತಿದ್ದರು. ನನಗೆ ಸುದ್ದಿ ಮಾತ್ರ ಬರುತ್ತಿತ್ತು.

"ಗಂಗಮ್ಮನವರೇ," ಎಂದೆ. "ಇವನನ್ನ ನಿಮಗೆ ಒಪ್ಪಿಸ್ತಾ ಇದೀನಿ."

ಅವರು ತಿರುಗಿ ನೋಡಲಿಲ್ಲ. ಮಗನ ಹಣೆಯಿಂದ ಕೈಯನ್ನೂ ತೆಗೆಯಲಿಲ್ಲ. "ಆಯ್ತು ಸಾರ್," ಎಂದರು. "ನನ್ ತಾವ ಅವ್ನೆ. ನೀವ್ ಹೋಗಿ ಆ ಹೆಣ್ಮಗೂಗೆ ಒಂದ್ ಲೋಟ ಬಿಸೀದು ಏನಾದ್ರೂ ಕುಡ್ಸಿ."

ಹೊರಗೆ ಬೆಂಚಿನ ಮೇಲೆ ಶಾರದೆ ಬಾಗಿಲನ್ನೇ ನೋಡುತ್ತಾ ಕೂತಿದ್ದಳು. ಅವನು ಮಾತಾಡಿದ ಎಂದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಒಂದು ಕಾಫಿ ಹೇಳಿ, ಕುಡಿಯುವಷ್ಟು ಆರಿಸಿ, ಅವಳ ಎರಡು ಕೈಗಳ ನಡುವೆ ಲೋಟ ಇಟ್ಟು, ಅವಳು ಪೂರ್ತಿ ಕುಡಿಯುವವರೆಗೆ ಪಕ್ಕದಲ್ಲೇ ನಿಂತಿದ್ದೆ.